ವಸಿ ಬಿಸಿಯಾಗದೆ

ಒಳಗಿನ ತಾಮ್ರದ ತಂತಿಯೆಲ್ಲ ಕರಕಲಾಗಿ ಅಂಗಡಿ ತುಂಬ ಸುಟ್ಟ ವಾಸನೆ ಹಬ್ಬಿರುವಾಗ, ಎದುರಿಗೆ ನಿಂತ ರೈತನ ಮುಖ ನೋಡಿ "ಗಾಬರಿಯಾಗ್ಬ್ಯಾಡ ಕಣ್ಲಾ, ಮೋಟ್ರು ವಸಿ ಬಿಸಿಯಾಗದೆ ಅಷ್ಟೆಯಾ" ಎನ್ನಬಲ್ಲ ಮನುಷ್ಯನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅವನು ನನ್ನ ಸೋದರಮಾವ ನಿಂಗಣ್ಣ. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ.

ಆ ರೈತ ಮಾರನೆಯ ದಿನ ಬರುತ್ತಿದ್ದ. "ಆಗೋಯ್ತದೆ, ಸಂದ್ಗೆ ಬಾ." ಸಂಜೆ ಬಂದರೆ "ಇನ್ನೈದು ನಿಮ್ಸ, ಕೂತ್ಕೊ" ಎಂದು ಟೀ ತರಿಸುತ್ತಿದ್ದ. ಅತ್ತ ಮೋಟರು ಬಿಚ್ಚಿದ ಹಾಗೇ ಬಿದ್ದಿರುತ್ತಿತ್ತು. ಮೂರನೆಯ ದಿನ ರೈತ "ಪೈರು ಒಣಗ್ತಾ ಕೂತದೆ, ನಿನ್ ಬಾಯ್ಗೆ ಮಣ್ಣಾಕ! ಆಗಲ್ಲ ಅಂತ ಮೊದ್ಲೇ ಬೊಗಳಕೇನು ರೋಗ?" ಎಂದು ಕೂಗಾಡಿದರೆ ಮಾವನಿಗೆ ನಿಜಕ್ಕೂ ಆಶ್ಚರ್ಯ. ಆಮೇಲೆ ನನ್ನ ಬಳಿ ಅನ್ನುತ್ತಿದ್ದ: "ಮನೆ ಬಾಗ್ಲಿಗೆ ಬಂದೋನ್ಗೆ ಆಗಲ್ಲ ಅನ್ನಕಾಯ್ತದೇನವ್ವ?"

ಇಂಥವನೊಂದಿಗೆ ಏಗುವುದು ಹೇಗೆ ಹೇಳಿ. ಮನೆಯಲ್ಲಿ ಅಕ್ಕಿ ಮುಗಿದರೆ "ಅಕ್ಕಿ ಹೆಚ್ಚಾಯ್ತು" ಅನ್ನುವುದು, ದೀಪ ಆರಿಸು ಅನ್ನದೆ "ದೊಡ್ಡದು ಮಾಡು" ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಇರುವ ಪದ್ಧತಿಯೇ. ಮಾವ ಅದನ್ನು ಮೋಟರಿಗೂ ಹಚ್ಚಿಬಿಟ್ಟಿದ್ದ.

ಒಂದು ಬೇಸಿಗೆ ರಜೆಯಲ್ಲಿ ನಾನು ಪಾಠ ಮಾಡುವ ಮಂಡ್ಯದ ಶಾಲೆಗೆ ಬೀಗ ಬಿದ್ದಿತೆಂದು ಮಾವನ ಮನೆಗೆ ಬಂದಿದ್ದೆ. ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಬಂದಿದ್ದ ಜರ್ಮನಿಯ ಹೆಂಗಸೊಬ್ಬಳು ಕ್ಯಾಮೆರಾದ ಮುರಿದ ಸ್ಟ್ಯಾಂಡು ಹಿಡಿದು ಅಂಗಡಿಗೆ ಬಂದಳು. ಮಾವ ತನ್ನ ಜನ್ಮದಲ್ಲಿ ಅಂಥದ್ದನ್ನು ಮುಟ್ಟಿದವನಲ್ಲ. "ಸಂದ್ಗೆ ಬಾ ತಾಯಿ, ಆಗೋಯ್ತದೆ" ಅಂದ. ನಾನು ಹಣೆ ಚಚ್ಚಿಕೊಂಡು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಐದು ಗಂಟೆ ಅಂದರೆ ಐದಕ್ಕೆ ಸರಿಯಾಗಿ ನಾಲ್ಕು ಸಂಜೆ ಬಂದಳು, ನಾಲ್ಕು ಟೀ ಕುಡಿದು ಹೋದಳು. ಐದನೆಯ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ದೇಶದವರು ಆಗುವುದಿಲ್ಲ ಅಂತ ಯಾಕೆ ಹೇಳುವುದಿಲ್ಲ?" ಎಂದು ಕೇಳಿದಳು.

ನನಗೆ ನಾಚಿಕೆಯಾಯಿತು. ದೇಶದ ಮಾತಲ್ಲ, ಇದು ಈ ಮನುಷ್ಯನೊಬ್ಬನ ಗುಣ ಅಂದೆ. ಅವಳು ನಕ್ಕು, ಭಾನುವಾರ ಬೆಳಿಗ್ಗೆ ಆರಕ್ಕೆ ಹಕ್ಕಿ ನೋಡಲು ತನ್ನೊಂದಿಗೆ ಬರುತ್ತೀಯಾ ಎಂದಳು. "ಓಹೋ, ಖಂಡಿತ" ಅಂದುಬಿಟ್ಟೆ. ಭಾನುವಾರ ನಮ್ಮ ನಾದಿನಿಯ ಮಗುವಿನ ನಾಮಕರಣ ಇತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೊಕ್ಕರೆ ಬೆಳ್ಳೂರಿನ ಮರದ ಕೆಳಗೆ ಎಂಟು ಗಂಟೆಯವರೆಗೆ ಕಾದಳಂತೆ. ಸುದ್ದಿ ತಿಳಿದ ಮಾವ ನನಗೇ ಬುದ್ಧಿ ಹೇಳಿದ: "ಅಯ್ಯೋ ಪಾಪ! ಬರಾಕಾಗಲ್ಲ ಅಂತ ಏಳ್ಬುಡಬಾರ್ದಾಗಿತ್ತಾ ಮಗ?" ಮೈಯೆಲ್ಲ ಉರಿದುಹೋಯಿತು.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಅದಾದ ಮರುವರ್ಷ ನಡೆಯಿತು. ನಾನು ಶಾಲೆಯಲ್ಲಿದ್ದಾಗ ಮಾವ ಪೂರಿಗಾಲಿಯ ನಮ್ಮ ಮನೆಯಿಂದ ಫೋನ್ ಮಾಡಿದ. "ನಿಮ್ಮಪ್ಪಂಗೆ ವಸಿ ಉಸಾರಿಲ್ಲ ಕಣವ್ವ, ಬಂದೋಗು. ಉಂಡ್ಕಂಡೇ ಹೊರಡು." ಬೇರೆ ಯಾರ ಮನೆಗೆ ಇಂಥ ಫೋನು ಬಂದಿದ್ದರೂ ನನಗೆ ತಕ್ಷಣ ತಿಳಿಯುತ್ತಿತ್ತು. ನಮ್ಮ ಕಡೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಯಾರೂ ಸಾವು ಅಂತ ಹೇಳುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅದಕ್ಕೇ ಉಂಡು ಬಾ ಅನ್ನುವುದು. ನನ್ನ ಅಪ್ಪನ ವಿಷಯದಲ್ಲಿ ಮಾತ್ರ ನನ್ನ ಬುದ್ಧಿಗೆ ಮಂಕು ಕವಿಯಿತು. ಉಳಿದೆರಡು ಪೀರಿಯಡ್ ಪಾಠ ಮಾಡಿದೆ. ಮಳವಳ್ಳಿಯಲ್ಲಿ ಬಸ್ಸು ಬದಲಿಸುವಾಗ ಅಪ್ಪನಿಗೆ ಇಷ್ಟವೆಂದು ಒಂದು ಕೇಜಿ ದ್ರಾಕ್ಷಿ ಕೊಂಡೆ. ಮನೆ ಮುಂದೆ ಶಾಮಿಯಾನ ಹಾಕಿತ್ತು. ಕೈಯಲ್ಲಿ ದ್ರಾಕ್ಷಿಯ ಚೀಲ ಹಿಡಿದೇ ಜನರ ನಡುವೆ ನಿಂತಿದ್ದೆ.

ಎಲ್ಲ ಮುಗಿದ ಮೇಲೆ ಮಾವನ ಮೇಲೆ ಹರಿಹಾಯ್ದೆ. "ನೇರವಾಗಿ ಹೇಳೋಕೆ ನಿಂಗೇನಾಗಿತ್ತು? ನಮ್ಮಪ್ಪ ಏನು ಮೋಟ್ರಾ?"

ಅವನು ತಲೆ ತಗ್ಗಿಸಿಕೊಂಡು ಹೇಳಿದ: "ಬಸ್ಸಲ್ಲಿ ಒಬ್ಳೇ ಬತ್ತಿದ್ದೆ ಕಣವ್ವ. ಅಷ್ಟು ದೂರ ಅತ್ಕಂಡು ಬರಾದು ಬ್ಯಾಡ ಅಂತ."

ಇನ್ನು ಮೇಲೆ ಏನಿದ್ದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು ಅಂತ ಆಣೆ ಮಾಡಿಸಿಕೊಂಡೆ. "ಆಯ್ತು ಕಣವ್ವ" ಅಂದ. ಅವನ ಆಯ್ತಿನ ಬೆಲೆ ನನಗೆ ಗೊತ್ತಿಲ್ಲವೇ! ಆರು ತಿಂಗಳು ಅವನೊಂದಿಗೆ ಮಾತು ಬಿಟ್ಟೆ.

ಕಳೆದ ವರ್ಷ ಮಾವ ಸೊರಗತೊಡಗಿದ. ಕೇಳಿದರೆ "ಬಿಸ್ಲು ಜಾಸ್ತಿ" ಅನ್ನುತ್ತಿದ್ದ. ಅತ್ತೆ ತೀರಿಹೋಗಿದ್ದರು. ಒಬ್ಬಳೇ ಮಗಳು ಸುಮಾ ಹಾಸನದಲ್ಲಿ ಸಂಸಾರಸ್ಥೆ. ನಾನೇ ಬೈದು ಮಂಡ್ಯದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಲಿವರಿನ ತುಂಬ ಕ್ಯಾನ್ಸರ್ ಗಂಟು ಹರಡಿದೆ, ಹೆಚ್ಚು ದಿನ ಇಲ್ಲ, ನೀವೇ ತಿಳಿಸಿ ಅಂದರು. ತಿಳಿಸೋಣ, ಅದರಲ್ಲೇನು? ಇಷ್ಟು ವರ್ಷ ನೇರ ಮಾತಿಗೆಂದು ಅವನೊಂದಿಗೆ ಜಗಳವಾಡಿದವಳು ನಾನೇ ತಾನೆ.

ಬೆಂಚಿನ ಮೇಲೆ ಟೀ ಲೋಟ ಹಿಡಿದು ಕೂತಿದ್ದ. ನನಗೂ ಒಂದು ತರಿಸಿಟ್ಟಿದ್ದ.

"ಏನಂದ್ರವ್ವ?"

"ಏನಿಲ್ಲ ಮಾವ. ಗ್ಯಾಸ್ಟ್ರಿಕ್ ಅಂತೆ. ಮಾತ್ರೆ ಕೊಟ್ಟವ್ರೆ."

ನನ್ನ ಮುಖವನ್ನೇ ನೋಡಿದ. ಕಣ್ಣಿನ ಸುತ್ತ ನೆರಿಗೆ ಕಟ್ಟಿ ನಗು ಬಂತು. "ಅಂಗಾರೆ ಮೋಟ್ರು ವಸಿ ಬಿಸಿಯಾಗದೆ ಅನ್ನು" ಅಂದ. ನನಗೆ ಅಳು ತಡೆಯಲಾಗಲಿಲ್ಲ. "ಟೀ ಆರೋಯ್ತದೆ, ಕುಡಿಯವ್ವ" ಅಂದು ಬೇರೆ ಕಡೆ ತಿರುಗಿಕೊಂಡ.

ಎರಡು ತಿಂಗಳು ಇದ್ದ. ಒಂದು ಬೆಳಿಗ್ಗೆ ನಾನು ಗಂಜಿ ಕಾಯಿಸಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಸುಮಾಗೆ ಫೋನ್ ಮಾಡಬೇಕಿತ್ತು. ಗಂಡ ಊರಲ್ಲಿಲ್ಲ, ಹಾಸನದಿಂದ ಒಬ್ಬಳೇ ಬಸ್ಸಿನಲ್ಲಿ ಬರಬೇಕು.

"ಅಪ್ಪ ಎಂಗವ್ನೆ ಅಕ್ಕ?" ಅಂದಳು.

"ವಸಿ ಉಸಾರಿಲ್ಲ ಕಣವ್ವ, ಬಂದೋಗು" ಅಂದೆ. "ಉಂಡ್ಕಂಡೇ ಹೊರಡು."