ದಿನಕ್ಕೆರಡು, ಊಟ ಆದ ಮೇಲೆ

1996ರ ಕಾರ್ತಿಕದ ಕೊನೆಯ ವಾರ. ನಾನಾಗ ನಂಜನಗೂಡು ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ಆ ಬೆಳಿಗ್ಗೆ ಕೋಣೆಯಲ್ಲಿದ್ದವರು ಮೂವರು: ನಾನು, ನರ್ಸ್ ಸುನಂದಮ್ಮ, ಮತ್ತೆ ಬೆಂಚಿನ ಮೇಲೆ ಸೊಂಟ ಹಿಡಿದು ಮುದುರಿ ಕೂತಿದ್ದ ಹೆಮ್ಮರಗಾಲದ ಪುಟ್ಟಮಾದಮ್ಮ. ವಯಸ್ಸು ಐವತ್ತೈದರ ಆಸುಪಾಸು.

ಎರಡು ವಾರದ ಹಿಂದೆ ಇವರೇ "ಒಂದಕ್ಕೆ ಓದ್ರೆ ಉರೀತದೆ ಸಾ" ಅಂತ ಬಂದಿದ್ದರು. ಮೂತ್ರನಾಳದ ಸೋಂಕು. ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ಕಿನ ಹದಿನಾಲ್ಕು ಮಾತ್ರೆ ಕೊಟ್ಟು, "ದಿನಕ್ಕೆರಡು, ಊಟ ಆದ ಮೇಲೆ, ಏಳು ದಿನ" ಅಂದಿದ್ದೆ. ಈಗ ನೋಡಿದರೆ 103 ಡಿಗ್ರಿ ಜ್ವರ, ನಡುಕ, ಪಕ್ಕೆನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ.

"ಮಾತ್ರೆ ನುಂಗಿದ್ರಾ, ಇಲ್ಲಾ ಉಷ್ಣ ಅಂತ ಬಿಟ್ಬಿಟ್ರಾ?" ಅಂತ ರೇಗಿದೆ.

"ಒಂದಿನಾನೂ ತಪ್ಪುಸಿಲ್ಲ. ಮಾದಪ್ಪನಾಣೆ, ನೀವು ಏಳ್ದಂಗೇ ನುಂಗಿವ್ನಿ."

ಹಾಗಾದರೆ ಈ ಮದ್ದಿಗೆ ಬಗ್ಗದ ಕ್ರಿಮಿಯೇ ಇರಬೇಕು, ಮೈಸೂರಿಗೆ ಕಳಿಸಿಬಿಡೋಣ ಅಂತ ಚೀಟಿ ಬರೆಯಲು ಕೂತೆ. ಸುನಂದಮ್ಮ ನಾಡಿ ಹಿಡಿದುಕೊಂಡೇ ಮನೆಮಾತು ಆಡುವ ಹಾಗೆ ಕೇಳಿದರು: "ಅಕ್ಕಾ, ಬೆಳಿಗ್ಗೆ ಏನುಂಡ್ರಿ?"

"ಎಲ್ಲುಂಡೇನವ್ವ? ಕಾರ್ತಿಕ ಅಲ್ವಾ, ತಿಂಗಳೆಲ್ಲಾ ಒಪ್ಪೊತ್ತು. ಮಧ್ಯಾನ ಒಂದು ಮುದ್ದೆ, ಅಷ್ಟೇಯ."

"ರಾತ್ರಿಗೆ?"

"ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಅದೂ ಒಂದು ಊಟವಾ?"

ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಏಳು ಮಾತ್ರೆ. "ಊಟ ಇಲ್ದೆ ಎಂಗೆ ನುಂಗದು? ಯಾರ್ಗಾದ್ರೂ ಆಯ್ತದೆ ಅಂತ ಮಡಗಿವ್ನಿ."

"ನೀವೇ ಹೇಳಿದ್ದಲ್ವಾ ಸಾರ್," ಅಂದರು ಸುನಂದಮ್ಮ, ನನ್ನ ಕಡೆ ತಿರುಗಿ. ನಾನು ಬರೆಯುತ್ತಿದ್ದ ಚೀಟಿಯನ್ನು ಹರಿದೆ.

ಅರ್ಧ ಮದ್ದಿಗೆ ಸಾಯದೆ ಉಳಿದ ಕ್ರಿಮಿ ಮತ್ತೆ ಬೆಳೆದುಕೊಂಡಿತ್ತು. ನಮ್ಮಲ್ಲೇ ಮಲಗಿಸಿ ಜೆಂಟಾಮೈಸಿನ್ ಇಂಜೆಕ್ಷನ್ ಶುರುಮಾಡಿದೆವು. ಯಾವ ಮದ್ದಿಗೆ ಕ್ರಿಮಿ ಬಗ್ಗುತ್ತದೆಂದು ತಿಳಿಸುವ ಕಲ್ಚರ್ ಪರೀಕ್ಷೆಗೆ ಮೂತ್ರ ಮೈಸೂರಿಗೆ ಹೋಯಿತು. ಮೂರನೇ ದಿನ ಜ್ವರ ಬಿಟ್ಟಿತು. ರಿಪೋರ್ಟೂ ಬಂತು: ಹಳೆಯ ಮಾತ್ರೆಯೇ ಸಾಕಾಗುತ್ತಿತ್ತು. ಬಾಳೆಹಣ್ಣು ತಿಂದೂ ಮಾತ್ರೆ ನುಂಗಬಹುದು ಅಂತ ಪುಟ್ಟಮಾದಮ್ಮನವರನ್ನು ಒಪ್ಪಿಸುವುದಕ್ಕೆ ಇನ್ನೊಂದು ದಿನ ಹಿಡಿಯಿತು.

ರೋಗಿಯ ದಿನ ಹೇಗೆ ಕಳೆಯುತ್ತದೆ ಅಂತ ಕೇಳದೆ ಔಷಧಿ ಬರೆಯಬಾರದು ಅನ್ನುವುದನ್ನು ಕಲಿತದ್ದು ಅಲ್ಲೇ.

2001ರಲ್ಲಿ ಟಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲೊಬ್ಬ ಹೆಂಗಸು ಇದೇ ಉರಿ ಅಂತ ಬಂದರು. "ಬೆಳಿಗ್ಗೆ ಏಳಕ್ಕೊಂದು, ರಾತ್ರಿ ಏಳಕ್ಕೊಂದು" ಅಂದೆ. "ನಮ್ಮನೆ ಗಡಿಯಾರ ನಿಂತೋಗಿ ಯಾವ ಕಾಲಾಯ್ತು ಸಾ!" ಅಂದರು. ಅವರೂರಿಗೆ ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸಿದೆ. ಆಮೇಲೆ ಚೀಟಿಯ ಮೇಲೆ ಬರೆದುಕೊಟ್ಟೆ: ಮೊದಲ ಬಸ್ಸಿಗೊಂದು, ಕೊನೆ ಬಸ್ಸಿಗೊಂದು.