ಪೆಟ್ಟಿಗೆಯದೇ ದೋಷ

ಶಂಕರಪುರದ ವಿಲ್ಫ್ರೆಡ್ ಮಥಾಯಸರು ಧ್ವನಿವರ್ಧಕದ ಅಂಗಡಿ ತೆರೆದದ್ದು 1984ರ ಜನವರಿ 14ರಂದು. ಅದಕ್ಕೂ ಮೊದಲಿನ ಕ್ರಿಸ್ಮಸ್ಸಿಗೇ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ಕ್ರಿಸ್ಮಸ್ಸಿಗೆ ಬಂದದ್ದು ಆಂಪ್ಲಿಫೈಯರ್ ಮಾತ್ರ. ಸ್ಪೀಕರ್ ಪೆಟ್ಟಿಗೆಗಳನ್ನು ಅವರು ಅಂಗಡಿಯಿಂದ ಕೊಳ್ಳದೆ ತಾವೇ ಕಟ್ಟಿದ್ದರಿಂದ ಮತ್ತಷ್ಟು ದಿನ ಹಿಡಿಯಿತು. ಅಂದಿನಿಂದ ಎಲ್ಲೂರಿನಿಂದ ಹಿರಿಯಡ್ಕದವರೆಗೆ ಮದುವೆಯಿರಲಿ, ನಾಟಕವಿರಲಿ, ಇಗರ್ಜಿಯ ಹಬ್ಬವಿರಲಿ, ‘ವಿಲ್ಲಿಯ ಪೆಟ್ಟಿಗೆ ಗರಗರ ಎನ್ನುವುದಿಲ್ಲ’ ಎಂಬ ಮಾತು ನೆಲೆನಿಂತಿತು.

ಆ ಕಸುಬಿನಲ್ಲಿ ಅವರು ಎಂದೂ ಮುರಿಯದ ಮರ್ಯಾದೆಯೊಂದಿತ್ತು. ಭಾಷಣ ಮಾಡುವವರ ಗಂಟಲು ಕಟ್ಟಿದರೂ, ಹಾಡುವವರ ಸ್ವರ ಬಿರಿದರೂ, “ಪೆಟ್ಟಿಗೆಯದೇ ದೋಷ, ಕ್ಷಮಿಸಬೇಕು” ಎಂದು ತಾವೇ ಮುಂದೆ ಹೋಗಿ ಹೇಳುವರು. ಹಾಡುವವರ ಮಾನ ಸೌಂಡಿನವನ ಕೈಯಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಮೂರು ದಶಕ ಹೀಗೆ ಹೇಳಿ ಹೇಳಿ, ಸೌಜನ್ಯಕ್ಕೆಂದು ಆಡುತ್ತಿದ್ದ ಮಾತು ಅವರಿಗೆ ಸತ್ಯವೇ ಆಗಿಬಿಟ್ಟಿತ್ತು. ಕರ್ಕಶವಾದದ್ದೇನಾದರೂ ಕಿವಿಗೆ ಬಿದ್ದರೆ ಕೈ ತಾನಾಗಿ ಪೆಟ್ಟಿಗೆಯ ಕಡೆ ಹೋಗುತ್ತಿತ್ತು.

ಅವರ ಮಡದಿ ಮೇಬಲ್ ಹಗಲೆಲ್ಲ ಮಲ್ಲಿಗೆ ಕಟ್ಟುವವರು. ಆದರೆ ಊರಿಗೆ ಗೊತ್ತಿದ್ದದ್ದು ರೋಸಿನ ಹಾಡುಗಾರ್ತಿಯಾಗಿ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರವೇ ರೋಸ್. ಆಗ ಹಿರಿಯ ಹೆಂಗಸೊಬ್ಬಳು ವೊವಿಯೊ ಎಂಬ ಹಾಡನ್ನು ಎತ್ತಿಕೊಡಬೇಕು, ಉಳಿದವರು ಮರಳಿ ಹಾಡಬೇಕು. ಮೇಬಲ್ ಎತ್ತಿಕೊಟ್ಟರೆ ಅಡಿಗೆಯ ಚಪ್ಪರದಲ್ಲಿದ್ದ ಗಂಡಸರೂ ಸೌಟು ಕೆಳಗಿಟ್ಟು ಕೇಳುತ್ತಿದ್ದರು. 2018ರ ಏಪ್ರಿಲ್ 8ರಂದು, ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಮರು ಭಾನುವಾರ, ಗಂಟಲಿನ ಕ್ಯಾನ್ಸರ್ ಆಕೆಯನ್ನು ಕೊಂಡೊಯ್ದಿತು.

ಒಬ್ಬಳೇ ಮಗಳು ಕ್ಯಾರೆನ್ ಮಣಿಪಾಲದ ಕಾಲೇಜೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಆಕೆಯ ಮದುವೆ 2022ರ ಡಿಸೆಂಬರ್ 29ಕ್ಕೆ ನಿಶ್ಚಯವಾಯಿತು.

“ಪಪ್ಪಾ, ನನ್ನ ರೋಸಿಗೆ ಮಮ್ಮಿಯೇ ವೊವಿಯೊ ಎತ್ತಿಕೊಡಬೇಕು” ಎಂದಳು. “ಎಲ್ಲೂರಿನ ರೆಕಾರ್ಡಿಂಗ್ ಉಂಟಲ್ಲ?”

ಉಂಟು. 2017ರ ಜನವರಿ 3ರಂದು ಎಲ್ಲೂರಿನ ನೆಂಟರ ಮನೆಯ ರೋಸಿನಲ್ಲಿ ವಿಲ್ಫ್ರೆಡರೇ ಮುದ್ರಿಸಿಕೊಂಡದ್ದು. ಮೇಬಲರ ಹಾಡೆಂದು ಉಳಿದದ್ದು ಅದೊಂದೇ. ಆಕೆ ಹೋದ ಮೇಲೆ ಅದನ್ನು ಕೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ಅಕ್ಟೋಬರಿನಲ್ಲಿ ಮನಸ್ಸು ಗಟ್ಟಿಮಾಡಿ ಹಳೆಯ ಪೆಟ್ಟಿಗೆಯಲ್ಲಿ ಹಾಕಿದರು. ಸ್ವರ ಮೇಲೇರುವಲ್ಲೆಲ್ಲ ‘ಝರ್’ ಎಂದು ಏನೋ ಕೆರೆದಂತಾಯಿತು.

“ಪೆಟ್ಟಿಗೆಗೆ ವಯಸ್ಸಾಯಿತು” ಎಂದರು ವಿಲ್ಫ್ರೆಡರು. “ನಿನ್ನ ಮಮ್ಮಿಗೆ ಹೊಸದೇ ಕಟ್ಟುತ್ತೇನೆ.”

ಕಾಪುವಿನ ಬಡಗಿ ವಾಸು ಬಂದ. ಸ್ಪೀಕರಿನೊಳಗಿನ ಕಾಗದದ ಕೋನ್ ಗಾಳಿಯನ್ನು ಅಲುಗಾಡಿಸುವಾಗ ಪೆಟ್ಟಿಗೆಯ ಹಲಗೆಯನ್ನೂ ಅಲುಗಾಡಿಸುತ್ತದೆ. ಅಲುಗಾಡಿದ ಹಲಗೆ ಸುಮ್ಮನಿರದೆ ತನ್ನದೊಂದು ದನಿಯನ್ನು ಸೇರಿಸುತ್ತದೆ. ಅದರ ಬಾಯಿ ಮುಚ್ಚಿಸುವುದೇ ಕೆಲಸ. ದಪ್ಪ ಪ್ಲೈವುಡ್ಡಿನ ಒಳಗೆ ಹಲಸಿನ ಅಡ್ಡಪಟ್ಟಿಗಳು ಬಂದವು. ಗೋಡೆಗಳಿಗೆ ಡಾಂಬರಿನ ಹಾಳೆ ಅಂಟಿಸಲಾಯಿತು. ಅಡಿಗೆ ರಬ್ಬರಿನ ಬಿಲ್ಲೆ, ಅದರಡಿಗೆ ಕಾರ್ಕಳದಿಂದ ತರಿಸಿದ ಕರಿಕಲ್ಲಿನ ಚಪ್ಪಡಿ.

“ಇದು ಹಾಡುವ ಪೆಟ್ಟಿಗೆಯೋ, ಬ್ಯಾಂಕಿನ ತಿಜೋರಿಯೋ ಪೊರ್ಬುಗಳೇ?” ಎಂದು ವಾಸು ಏದುಸಿರು ಬಿಟ್ಟ. “ಸತ್ತವರನ್ನು ಹೊರುವ ಪೆಟ್ಟಿಗೆ ಸಹ ಇಷ್ಟು ಭಾರ ಇರುವುದಿಲ್ಲ ಮಾರಾಯ್ರೆ.”

ಆಡಿದ ಮೇಲೆ ನಾಲಗೆ ಕಚ್ಚಿಕೊಂಡ. ವಿಲ್ಫ್ರೆಡರು ಮರಗೆಲಸದ ಅಂಟನ್ನು ಬೆರಳಿಂದ ಒರೆಸುತ್ತ, “ಇನ್ನೊಂದು ಪಟ್ಟಿ ಕೊಡು” ಎಂದರಷ್ಟೆ.

ವಿಚಿತ್ರವೆಂದರೆ, ಪೆಟ್ಟಿಗೆ ಗಟ್ಟಿಯಾದಷ್ಟೂ ಆ ‘ಝರ್’ ಅಡಗುವ ಬದಲು ಇನ್ನಷ್ಟು ಸ್ಪಷ್ಟವಾಯಿತು. ಹೆಂಗಸರ ಬಳೆ ಸದ್ದು, ದೂರದ ಕಾಗೆ, ಎಲ್ಲವೂ ಬಿಡಿಬಿಡಿಯಾಗಿ ಕೇಳತೊಡಗಿದವು. ಅವುಗಳ ನಡುವೆ ಅದೂ. ಅಂಗೈ ಇಟ್ಟು ನೋಡಿದರೆ ಹಲಗೆ ಗೋಡೆಯಂತೆ ನಿಶ್ಚಲವಾಗಿತ್ತು. ಆದರೂ ವಿಲ್ಫ್ರೆಡರು ಸ್ಕ್ರೂಗಳನ್ನು ಬಿಚ್ಚಿ ಮತ್ತೆ ಬಿಗಿದರು. ತೆಂಗಿನ ನಾರು ತುಂಬಿದರು, ತೆಗೆದರು.

ಡಿಸೆಂಬರ್ 11ರ ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಂದ ಕ್ಯಾರೆನ್ ಅಂಗಡಿಯ ಬಾಗಿಲಲ್ಲಿ ನಿಂತಳು.

“ಪಪ್ಪಾ, ಒಂದು ಹೇಳಲಾ? ಬೈಯಬಾರದು.”

“ಎಂತ?”

“ಅದನ್ನು ನಾನು ಮೊಬೈಲಿಗೆ ಹಾಕಿಕೊಂಡಿದ್ದೆ. ಇಯರ್‌ಫೋನಿನಲ್ಲೂ ಉಂಟು, ಆ ಶಬ್ದ.”

“ಕಿವಿಗೆ ತುರುಕುವ ಸಾಮಾನನ್ನು ನಂಬಬೇಡ.”

“ಅದರಲ್ಲಿ ಪೆಟ್ಟಿಗೆಯೇ ಇಲ್ಲವಲ್ಲ ಪಪ್ಪಾ.”

ವಿಲ್ಫ್ರೆಡರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಮಗಳು ಅವರ ಕಿವಿಗೆ ತಾನೇ ಅದನ್ನು ಸಿಕ್ಕಿಸಿದಳು. ಮೇಬಲ್ ಹಾಡಿದರು. ಸ್ವರ ಮೇಲೇರಿತು, ಅದೇ ‘ಝರ್’. ಅದು ಹಲಗೆಯ ಸದ್ದಾಗಿರಲಿಲ್ಲ, ಸ್ಪೀಕರಿನ ಮುಂದಣ ಜಾಲರಿಯದ್ದೂ ಆಗಿರಲಿಲ್ಲ. ಗಂಟಲಿನದಾಗಿತ್ತು.

ಆಗ ಅವರಿಗೆ ಎಲ್ಲೂರಿನ ಆ ಸಂಜೆ ಪೂರ್ತಿಯಾಗಿ ನೆನಪಾಯಿತು. ಅಂದೂ ಅವರು ಆ ಸದ್ದನ್ನು ಕೇಳಿದ್ದರು. ಕೇಳಿದವರೇ ಎದ್ದು ಹೋಗಿ ಸ್ಪೀಕರಿನ ಹಿಂಬದಿಯ ಸ್ಕ್ರೂಗಳನ್ನು ಬಿಗಿದಿದ್ದರು. “ನನ್ನ ಹಾಡಿಗೆ ಇವರ ಸ್ಕ್ರೂಡ್ರೈವರಿನ ತಾಳ!” ಎಂದು ಮೇಬಲ್ ಹೆಂಗಸರ ನಡುವೆ ತಮಾಷೆ ಮಾಡಿದ್ದರು.

ಅದೇ ವರ್ಷದ ಸೆಪ್ಟೆಂಬರ್ 19ರಂದು ವೈದ್ಯರು, “ಸ್ವರ ಕೆಟ್ಟದ್ದು ಯಾವಾಗಿನಿಂದ?” ಎಂದು ವಿಚಾರಿಸಿದಾಗ ಮೇಬಲ್ ಗಂಡನತ್ತ ಕೈ ತೋರಿದ್ದರು: “ಇವರನ್ನು ಕೇಳಿ ಡಾಕ್ಟ್ರೇ, ಇವರ ಕಿವಿ ನನ್ನದಕ್ಕಿಂತ ಚುರುಕು.”

“ಸೆಪ್ಟೆಂಬರ್ ಎಂಟು, ಮೊಂತಿ ಹಬ್ಬದಿಂದ” ಎಂದು ವಿಲ್ಫ್ರೆಡರು ಖಚಿತವಾಗಿ ಉತ್ತರಿಸಿದ್ದರು. ಲೆಕ್ಕ ತಪ್ಪಿದ್ದು ಎಂಟು ತಿಂಗಳು.

ಅವರು ಇಯರ್‌ಫೋನ್ ತೆಗೆದು ಮಗಳ ಕೈಗಿತ್ತರು. ಕ್ಯಾರೆನ್ ಅಪ್ಪನ ಪಕ್ಕದಲ್ಲಿ ಮರದ ಹೊಟ್ಟಿನ ಮೇಲೆಯೇ ಕುಳಿತಳು.

ಮೇಬಲರ ಅಕ್ಕ ಗ್ಲೋರಿಯಾ ಸುದ್ದಿ ತಿಳಿದು ಬಂದವರು ಸಮಾಧಾನದ ದಾರಿ ಹುಡುಕಿದರು. “ಕಂಪ್ಯೂಟರಿನಲ್ಲಿ ಆ ಶಬ್ದ ಮಾತ್ರ ತೆಗೆಯಲಿಕ್ಕೆ ಆಗ್ತದಂತೆ ವಿಲ್ಲಿ. ನಮ್ಮ ಮಗ ಲಾಯ್ಡ್ ಹೇಳಿದ.”

“ಆಗ್ತದೆ ಗ್ಲೋರಿಯಾ ಬಾಯಿ” ಎಂದರು ವಿಲ್ಫ್ರೆಡರು. “ತೆಗೆಯಬೇಕಾಗಿದ್ದದ್ದು ಆ ಜನವರಿಯಲ್ಲಿ.”

ಡಿಸೆಂಬರ್ 28, ಬುಧವಾರದ ಸಂಜೆ. ಅಂಗಳದ ಚಪ್ಪರದಡಿ ಕ್ಯಾರೆನ್ ತಗ್ಗು ಮಣೆಯ ಮೇಲೆ ಕೂತಳು. ಹೊಸ ಪೆಟ್ಟಿಗೆಯಿಂದ ಮೇಬಲ್ ಮೊದಲ ಸಾಲನ್ನು ಎತ್ತಿಕೊಟ್ಟರು. ಆಕೆ ಬೇಲಿಯಾಚೆಯೇ ನಿಂತಿರುವಷ್ಟು ತಿಳಿಯಾಗಿ ಕೇಳಿಸಿತು. ಹೆಂಗಸರು ಒಮ್ಮೆ ಬೆಚ್ಚಿ, ಆಮೇಲೆ ಮರಳಿ ಹಾಡಿದರು. ತೆಂಗಿನ ಹಾಲು ಮಗಳ ನೆತ್ತಿಯಿಂದ ಇಳಿಯಿತು. ಎರಡನೆಯ ಪದ್ಯದಲ್ಲಿ ಆ ಬಿರುಕು ಬಂದಾಗ ಗ್ಲೋರಿಯಾ ಸೆರಗನ್ನು ಬಾಯಿಗೊತ್ತಿಕೊಂಡರು. ಮೂರನೆಯದರಲ್ಲಿ ಮೇಬಲ್ ಸಾಲಿನ ನಡುವೆ ಉಸಿರಿಗಾಗಿ ನಿಂತರು. ಹಿಂದೆ ಅಂಥ ಎಡೆಯನ್ನು ಯಾರಾದರೂ ತುಂಬಿಬಿಡುತ್ತಿದ್ದರು. ಇಂದು ಯಾರೂ ತುಂಬಲಿಲ್ಲ. ಆಕೆ ಉಸಿರೆಳೆದುಕೊಂಡು ಸಾಲು ಮುಗಿಸುವವರೆಗೆ ಚಪ್ಪರವೆಲ್ಲ ಕಾಯಿತು.

ಅಲ್ಲಿಗೆ ವಿಲ್ಫ್ರೆಡರು ಗುಂಡಿ ಒತ್ತಿ ನಿಲ್ಲಿಸಿದರು. ಇನ್ನೂ ಎರಡು ಪದ್ಯಗಳಿದ್ದವು.

“ಪಪ್ಪಾ, ಯಾಕೆ ನಿಲ್ಲಿಸಿದ್ದು?” ಹಾಲು ತೊಟ್ಟಿಕ್ಕುವ ಮುಖವನ್ನೆತ್ತಿ ಕ್ಯಾರೆನ್ ಕೇಳಿದಳು.

“ಸಾಕು ಪುತಾ. ಮಮ್ಮಿಗೆ ದಣಿವಾಗ್ತಾ ಉಂಟು.”

ಗ್ಲೋರಿಯಾ ಗಂಟಲು ಸರಿಮಾಡಿಕೊಂಡು ನಾಲ್ಕನೆಯ ಪದ್ಯವನ್ನು ತಾವೇ ಎತ್ತಿಕೊಟ್ಟರು.