ಗಡಿಗಲ್ಲು ದಾಟಿದ ಕೂರಿಗೆ

೧೯೭೪ರಲ್ಲಿ ನಾನು ಟಿಕೋಟಾ ಭಾಗದ ಭೂಸಂರಕ್ಷಣಾ ಸಹಾಯಕ. ಆಗಿನ ಬಿಜಾಪುರದ ಗಾಂಧಿ ಚೌಕದ ಹಿಂದೆ ಬಾಡಿಗೆ ಕೋಣೆ, ಬೆಳಿಗ್ಗೆ ಅಥಣಿ ರಸ್ತೆಯ ಬಸ್ಸು, ಹೆಗಲ ಮೇಲೆ ಡಂಪಿ ಲೆವೆಲ್. ಅದು ನೆಲದ ಏರುತಗ್ಗು ಅಳೆಯುವ ದುರ್ಬೀನು. ನನ್ನ ಕೆಲಸದ ಮೇಲೆ ನನಗೆ ಭಾರಿ ನಂಬಿಕೆಯಿತ್ತು, ಈಗಲೂ ಇದೆ.

ಎಪ್ಪತ್ತೆರಡರ ದೊಡ್ಡ ಬರ ಮುಗಿದಿದ್ದರೂ ಮಳೆ ಹಳೆಯ ದಾರಿಗೆ ಬಂದಿರಲಿಲ್ಲ. ಮುಂಗಾರು ಕೈಕೊಟ್ಟು, ಸೆಪ್ಟೆಂಬರಿನ ಉತ್ತರಿ ಮಳೆ ಒಮ್ಮೆಲೇ ಸುರಿದು ಹೋಗುತ್ತಿತ್ತು. ಅದು ಹಳ್ಳಕ್ಕೆ ಹರಿದುಹೋದರೆ ಹಿಂಗಾರಿ ಜೋಳಕ್ಕೆ ತೇವವೇ ಇಲ್ಲ. ಇದಕ್ಕೆ ಉಪಾಯ ಕಾಂಟೂರ್ ಬಿತ್ತನೆ: ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಯ ಗುಂಟ, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು. ಆಗ ಪ್ರತಿ ಸಾಲೂ ನೀರನ್ನು ತಡೆಯುತ್ತದೆ.

ಬಬಲೇಶ್ವರದ ಕಡೆಯ ಒಂದು ಊರಲ್ಲಿ ಮಲಕಪ್ಪ, ಸಿದ್ದಪ್ಪ ಎಂಬ ಅಣ್ಣತಮ್ಮಂದಿರಿದ್ದರು. ಪಾಲಾಗುವಾಗ ಮೇಲಿನ ಕಲ್ಲು ಮಡ್ಡಿ ನೆಲವೂ ಕೆಳಗಿನ ಕಪ್ಪು ಎರೆ ನೆಲವೂ ಇಬ್ಬರಿಗೂ ಸಿಗಲೆಂದು ಹೊಲವನ್ನು ಇಳಿಜಾರಿನ ಗುಂಟ ಉದ್ದಕ್ಕೆ ಸೀಳಿದ್ದರು. ನ್ಯಾಯವಾದ ಪಾಲೇ, ಆದರೆ ಅದರಿಂದ ನೀರಿಗೂ ಒಳ್ಳೆ ಹೆದ್ದಾರಿಯಾಯಿತು! ಒಬ್ಬೊಬ್ಬರ ಪಟ್ಟಿ ಕಿರಿದು, ಅಡ್ಡ ಹೊಡೆದರೆ ಎತ್ತು ತಿರುಗಲು ಜಾಗವಿಲ್ಲ. ಹೀಗಾಗಿ ಇಬ್ಬರೂ ಮೇಲಿಂದ ಕೆಳಕ್ಕೇ ಬಿತ್ತುತ್ತಿದ್ದರು. ಪಾಲಾದಾಗಿನಿಂದ ಅವರಲ್ಲಿ ಮಾತೂ ಇರಲಿಲ್ಲ.

“ಈ ಸಲಾನೂ ಮೇವು ಆಗಲಿಲ್ಲಂದ್ರ ಎತ್ತು ಇಟ್ಕೊಳ್ಳಾಕ ಆಗಂಗಿಲ್ರಿ ಸಾಹೇಬ್ರ,” ಎಂದ ಮಲಕಪ್ಪ. “ಎತ್ತು ಹೋದ್ರ ಒಕ್ಕಲತನ ಹೋತು.” ಸಿದ್ದಪ್ಪನ ಪಾಡೂ ಅದೇ.

ಉತ್ತರಿ ಸುರಿದು ನೆಲ ಹದಕ್ಕೆ ಬಂದ ಬೆಳಿಗ್ಗೆ ಎರಡೂ ಪಟ್ಟಿಗಳ ಮೇಲೆ ಹಾಯುವಂತೆ ಸುಣ್ಣದ ಗೆರೆ ಎಳೆದೆ. ಬೇರೆಬೇರೆಯಾಗಿ ಕೇಳಿದಾಗ ಕೂಡಿ ಬಿತ್ತಲು ಇಬ್ಬರೂ ಒಪ್ಪಿದ್ದರು. ಮಲಕಪ್ಪ ಬಿತ್ತುವ ಕೂರಿಗೆ ಹಿಡಿದ, ಅವನ ಹೆಂಡತಿ ಕಾಶವ್ವ ಉಡಿಯಲ್ಲಿ ಬೀಜ ತುಂಬಿಕೊಂಡು ಹಿಂದೆ ನಡೆದಳು. ಗಡಿಗಲ್ಲಿನ ಹತ್ತಿರ ಮಲಕಪ್ಪ ಎತ್ತು ನಿಲ್ಲಿಸಿದ.

“ನಿಮ್ಮ ಗೆರಿ ಛಲೋ ಐತ್ರಿ. ಆದ್ರ ನಮ್ಮ ಮನಿ ಬೀಜ ಅವನ ಹೊಲಕ್ಕ ಬಿದ್ರ ನಮ್ಮ ಹುಲುಸು ಅತ್ತಾಗ ಹೋಗತೈತಿ.”

ಹುಲುಸು ಎಂದರೆ ರಾಶಿ ಅಳೆಯುವಾಗ ಕಾಳು ಕಣ್ಣಂದಾಜು ಮೀರಿ ಹೆಚ್ಚುವುದು. ಅದು ಮನೆಯ ಬೀಜದ ಜೊತೆಗೇ ಇರುತ್ತದೆಂದು ಅವರ ನಂಬಿಕೆ.

ಎರಡು ಮಾರು ಆಚೆ ನಿಂತಿದ್ದ ಸಿದ್ದಪ್ಪ ಅಣ್ಣನಿಗಲ್ಲ, ನನಗೆ ಹೇಳಿದ: “ಅವರ ಬೀಜ ನನಗೂ ಬ್ಯಾಡಂತ ಹೇಳ್ರಿ.”

ಪ್ರತಿ ಸಾಲಿಗೂ ಗಡಿಯಲ್ಲಿ ನಿಂತು ಉಡಿಯ ಬೀಜ ಬದಲಿಸುತ್ತ ಹೋದರೆ ಬಿತ್ತನೆ ಮುಗಿಯುವ ಮೊದಲೇ ಹದ ಆರುತ್ತಿತ್ತು. ನನಗೆ ಸಿಟ್ಟು ಬಂತು. ಬೀಜ ತಂದ ಬಂಡಿಯಲ್ಲಿದ್ದ ಕಂಬಳಿ ಎಳೆದು ಗಡಿಗಲ್ಲಿನ ಮೇಲೆಯೇ ಹಾಸಿದೆ. “ಎರಡೂ ಮನಿ ಬೀಜ ಇದರಾಗ ಸುರೀರಿ. ಕಲಸಿ ಉಡಿ ತುಂಬ್ರಿ. ಆಮ್ಯಾಲೆ ಯಾರ ಹುಲುಸು ಎಲ್ಲಿಗೆ ಹೋಗತೈತಿ ನೋಡೂಣು!”

ಅಣ್ಣತಮ್ಮಂದಿರು ಮಿಸುಕಲಿಲ್ಲ. ಕಾಶವ್ವ ಗಂಡನನ್ನು ನೋಡಿ, “ಬಿಸಲು ಏರಾಕತ್ತೈತಿ. ನಿಮ್ಮ ಸಿಟ್ಟು ಇಳಿಯೂತನಕ ಹದ ಕಾಯಂಗಿಲ್ಲ,” ಎಂದು ಉಡಿ ಬಿಚ್ಚಿ ಸುರಿದಳು. ಸ್ವಲ್ಪ ಹೊತ್ತಿಗೆ ಸಿದ್ದಪ್ಪನೂ ತನ್ನ ಚೀಲ ತಂದು ಬೋರಲು ಹಾಕಿದ. ಕೂರಿಗೆ ಗಡಿ ದಾಟಿತು.

ಆಮೇಲೆ ಇನ್ನೊಂದು ಮಳೆ ಬಂತು. ಸಾಲುಗಳಲ್ಲಿ ನೀರು ನಿಂತು, ನೋಡನೋಡುತ್ತ ಇಂಗಿತು. ಸುತ್ತಲಿನ ಜೋಳ ಚಳಿಗಾಲಕ್ಕೇ ಸೊರಗಿದರೂ ಇವರದು ಎದೆಮಟ್ಟ ಬೆಳೆದು ತೆನೆ ಹೊತ್ತಿತು.

ಸುಗ್ಗಿಗೆ ಹೋದಾಗ, ಬಿತ್ತನೆಯ ದಿನ ನಾನು ಹೇಳಿದ್ದಂತೆ ಅವರವರ ಪಟ್ಟಿಯ ಪ್ರಕಾರ ಕೊಯ್ದು ಎರಡು ರಾಶಿ ಮಾಡಿರುತ್ತಾರೆ ಎಂದುಕೊಂಡಿದ್ದೆ. ಕಣದಲ್ಲಿ ಒಂದೇ ರಾಶಿ ಇತ್ತು.

“ಇದ್ಯಾಕ ಒಂದ ರಾಶಿ?” ಎಂದೆ.

ಸಿದ್ದಪ್ಪ ನಕ್ಕ. “ಬೀಜ ಕೂಡಿಸಿದವ್ರು ನೀವಾ ಅಲ್ರಿ. ಹುಲುಸು ಬ್ಯಾರೆ ಮಾಡೂದೂ ನೀವಾ ಹೇಳಿಕೊಡ್ರಿ.”

ನಾನು ಬಾಯಿ ತೆರೆಯುವುದರೊಳಗೆ ಮಲಕಪ್ಪ ತಮ್ಮನ ಕಡೆಗೇ ತಿರುಗಿದ: “ಸಾಹೇಬ್ರನ್ನೇನ ಕೇಳ್ತಿಲೇ ಸಿದ್ದೂ? ಮೊದಲ ಎತ್ತಿಗೆ ಮೇವು ಹಾಕು.”

ಮುಂದೆ ನಿವೃತ್ತಿಯ ತನಕ ಎಷ್ಟೋ ಊರುಗಳಲ್ಲಿ ಗೆರೆ ಎಳೆದೆ. ಲೆವೆಲ್ ನಿಲ್ಲಿಸುವ ಮೊದಲು, ಈ ಹೊಲ ಯಾರ್ಯಾರಿಗೆ ಪಾಲಾಗಿದೆ, ಅವರಲ್ಲಿ ಮಾತಿದೆಯೇ ಎಂದು ಕೇಳುತ್ತಿದ್ದೆ. ಮಾತಿಲ್ಲ ಎಂದರೆ ಆ ದಿನ ದುರ್ಬೀನು ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿರಲಿಲ್ಲ. ಚಹಾ ತರಿಸಿ ಇಬ್ಬರನ್ನೂ ಎದುರಿಗೆ ಕೂರಿಸುತ್ತಿದ್ದೆ.